ಹೊಟ್ಟೆ ಸೀಳಿದ ಅಕ್ಷರ

ಪೆಟ್ಟಿಗೆಯಲ್ಲಿ ನೂರರ ಹತ್ತಿರ ಹತ್ತಿರ ಪ್ರಶ್ನೆಯ ಚೀಟಿಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಕೊಲ್ಲುವ ಉದ್ದೇಶದಿಂದ ಹಾಕಲಾಗಿತ್ತು.

ಹಾಕಿದವನು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ, ಮಂಡಿಗಳ ಮೇಲೆ ಅಂಗೈಯೂರಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಕುಳಿತಿದ್ದ. ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ರೂಫ್ ನೋಡುವ ಕೆಲಸ ಅವನದು. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕೆಂಪುಗೆರೆ ಎಂದು. ಅವನ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ಒತ್ತು ಕೂಡ ಪುಸ್ತಕದೊಳಗೆ ನುಸುಳಿದ್ದಿಲ್ಲ. ಬದುಕಿನಲ್ಲಿ ತಲೆಯೆತ್ತಿ ಹೇಳಿಕೊಳ್ಳಲು ಅವನಿಗಿದ್ದದ್ದು ಅದೊಂದೇ.

ವೇದಿಕೆಯ ಮೇಲೆ ಕಾದಂಬರಿಕಾರ್ತಿ ಕುಳಿತಿದ್ದಳು. ಆಕೆಯ ಮುಂದೆ ನೀರಿನ ಲೋಟ, ಪಕ್ಕದಲ್ಲಿ ಬೆನ್ನು ಜನರಿಗೆ ಕಾಣುವಂತೆ ಪೇರಿಸಿದ ಒಂಬತ್ತು ಪುಸ್ತಕಗಳು: 'ಬಂದರಿನ ಮಾಲೆ'. ಪತ್ತೇದಾರಿ ವಕೀಲೆಯೊಬ್ಬಳು ಹಳೆಯ ಬಂದರಿನ ಕೊಲೆಗಳನ್ನು ಬಿಡಿಸುವ ಈ ಕತೆ ವಾರಪತ್ರಿಕೆಯಲ್ಲಿ ಹರಿದು, ಪುಸ್ತಕವಾಗಿ ನಿಂತು, ಕಳೆದ ತಿಂಗಳು ಒಂಬತ್ತನೆಯ ಭಾಗದೊಂದಿಗೆ ಮುಗಿದಿತ್ತು. ಮುಗಿಸಿದ ಬಗೆಯನ್ನು ಕೇಳಲು ಓದುಗರು ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಕಿಟಕಿಯ ಕಟ್ಟೆಗಳ ಮೇಲೂ ತುಂಬಿಕೊಂಡಿದ್ದರು.

ಆ ಮಾಲೆಯಲ್ಲಿ ಒಬ್ಬ ಗೊಣಗ ಗುಮಾಸ್ತನಿದ್ದ. ಅಂಗಡಿಯ ಬೋರ್ಡು, ಮದುವೆಯ ಕಾಗದ, ಸತ್ತವರ ಕಲ್ಲು, ಕಂಡಲ್ಲೆಲ್ಲ ಕಾಗುಣಿತ ತಿದ್ದುವ ಹುಚ್ಚು ಅವನಿಗೆ. ಓದುಗರಿಗೆ ಅವನೆಂದರೆ ಪ್ರಾಣ. ಅವನು ಬಂದನೆಂದರೆ ನಗಲು ಸಿದ್ಧರಾಗುತ್ತಿದ್ದರು. ಆ ಗುಮಾಸ್ತ ಯಾರೆಂದು, ಮಾಲೆಯ ಪ್ರೂಫ್ ನೋಡುತ್ತಿದ್ದ ಕೆಂಪುಗೆರೆಗೆ ಎರಡನೆಯ ಭಾಗದಲ್ಲೇ ಗೊತ್ತಾಗಿತ್ತು: ತಾನೇ. ಆದರೂ ಸಹಿಸಿದ್ದ.

ಸಹಿಸಲಾಗದ್ದು ಏಳನೆಯ ಭಾಗದಲ್ಲಿ ಬಂತು. ಅದಕ್ಕೂ ಒಂದು ವರ್ಷ ಮೊದಲು ಅವನ ಹೆಂಡತಿ ಮನೆ ಬಿಟ್ಟು ಹೋಗಿದ್ದಳು. ಒಂದು ಮಧ್ಯಾಹ್ನ ಪ್ರೂಫ್ ಕೋಣೆಗೆ ಬಂದ ಕಾದಂಬರಿಕಾರ್ತಿ ಅವನ ಮುಖ ನೋಡಿ, ಕುರ್ಚಿ ಎಳೆದುಕೊಂಡು, "ಹೇಳಿ, ಎದೆಭಾರ ಇಳಿಯುತ್ತೆ" ಎಂದಿದ್ದಳು. ಅವನು ಹೇಳಿದ್ದ. ಹೆಂಡತಿ ಒಂದು ಚೀಟಿ ಬರೆದಿಟ್ಟಿದ್ದಳು: 'ನಾನು ಹೊಗುತ್ತೇನೆ. ಹುಡುಕಬೇಡಿ.' ಓದಿದವನಿಗೆ ಅಳು ಬರುವುದಕ್ಕೆ ಮೊದಲೇ ಕೈ ಜೇಬಿನ ಕೆಂಪು ಪೆನ್ನು ತೆಗೆದು 'ಹೊ'ಗೆ ದೀರ್ಘ ಎಳೆದಿತ್ತು. ಇದನ್ನು ಅವನು ಸ್ವಂತ ಅಕ್ಕನಿಗೂ ಹೇಳಿರಲಿಲ್ಲ.

ಏಳನೆಯ ಭಾಗದಲ್ಲಿ ಗುಮಾಸ್ತನ ಹೆಂಡತಿ ಓಡಿಹೋದಳು. ಗುಮಾಸ್ತ ಚೀಟಿಗೆ ದೀರ್ಘ ಹಾಕಿ, ಕೆಳಗೆ ಷರಾ ಬರೆದ: 'ಹೋಗುವುದಾದರೆ ದೀರ್ಘವಾಗಿಯೇ ಹೋಗು.' ಓದುಗರು ಬಿದ್ದು ಬಿದ್ದು ನಕ್ಕರು. ಆ ಅಧ್ಯಾಯದ ಪ್ರೂಫನ್ನು ಮೂರು ಸಲ ನೋಡಿದವನು ಕೆಂಪುಗೆರೆಯೇ.

ಬಾಯಿಬಿಟ್ಟು ಕೇಳಿದ್ದಕ್ಕೆ ಆಕೆ ಅವನ ತೋಳು ತಟ್ಟಿದ್ದಳು. "ಬೇಜಾರು ಮಾಡ್ಕೋಬೇಡಿ ಕೆಂಪುಗೆರೆಯವರೇ. ಕೊನೇ ಭಾಗದಲ್ಲಿ ಗುಮಾಸ್ತನಿಗೆ ಮರ್ಯಾದೆ ಕೊಡ್ತೀನಿ. ಮಾತು ಕೊಟ್ಟಿದ್ದೀನಿ ಅಂದ್ಕೊಳ್ಳಿ."

ಕೊನೆಯ ಭಾಗದ ಎರಡನೆಯ ಅಧ್ಯಾಯದಲ್ಲೇ ಗುಮಾಸ್ತ ತಾನು ಕಚ್ಚುತ್ತಿದ್ದ ಪೆನ್ನಿನ ಮುಚ್ಚಳ ಗಂಟಲಿಗೆ ಸಿಕ್ಕಿ ಸತ್ತ. "ಪೂರ್ಣವಿರಾಮ" ಎಂದಳು ಪತ್ತೇದಾರಿ ವಕೀಲೆ. ಅಷ್ಟೇ ಮರ್ಯಾದೆ.

ಅದಾಗಿ ಮೂರು ಅಧ್ಯಾಯ ಕಳೆದ ಮೇಲೆ ಕೆಂಪುಗೆರೆಯ ಕಣ್ಣಿಗೆ ಆ ಸಾಲು ಬಿತ್ತು. ಒಂಟಿಗಣ್ಣಿನ ದೋಣಿಗಾರ ಕಂದೀಲು ಹಿಡಿದು ವಕೀಲೆಯನ್ನು ಆಚೆ ದಡಕ್ಕೆ ದಾಟಿಸುತ್ತಾನೆ. ಆದರೆ ಒಂಟಿಗಣ್ಣ ಮೂರನೆಯ ಭಾಗದಲ್ಲೇ ಇರಿತಕ್ಕೆ ಸಿಕ್ಕಿ ಸತ್ತಿದ್ದ. ಅವನನ್ನು ಹೂಳುವುದಕ್ಕೆ ಆಕೆ ಎರಡು ಪುಟ ತೆಗೆದುಕೊಂಡಿದ್ದಳು. ಕಾದಂಬರಿಕಾರ್ತಿ ಮರೆತಿದ್ದಳು. ಕೆಂಪು ಪೆನ್ನು ತಾನಾಗಿಯೇ ಮೇಲೆದ್ದಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಅವನು ಪೆನ್ನನ್ನು ಕೆಳಗಿಡಿಸಿದ. ಕಂಡೂ ಬಿಟ್ಟ ಮೊದಲನೆಯ ತಪ್ಪು ಅದು. ಅಂದು ಮನೆಗೆ ನಡೆದುಹೋಗುವಾಗ ಅವನಿಗೆ ಮೈಯೆಲ್ಲ ಹಗುರವಾಗಿತ್ತು.

ಪ್ರಶ್ನೋತ್ತರದ ದಿನ ಬೆಳಗ್ಗೆ, ಬಟ್ಟೆ ಮಡಿಚುತ್ತಿದ್ದ ಅಕ್ಕನ ಮುಂದೆ ಅವನು ಕಾಗದ ಇಟ್ಟಿದ್ದ.

"ಅಕ್ಕ, ಒಂದು ಚೀಟಿ ಬರೆದುಕೊಡೇ."

"ಯಾಕೋ, ನಿನ್ನ ಕೈಗೇನು ಬಂದಿದೆ? ಊರಿನ ತಪ್ಪೆಲ್ಲ ತಿದ್ದೋನು ನನ್ನ ಕೈಲಿ ಬರೆಸ್ತೀಯಾ?"

"ನನ್ನ ಅಕ್ಷರ ಆಕೆ ಗುರುತು ಹಿಡೀತಾಳೆ. ಬರಿ. 'ಮೂರನೇ ಭಾಗದಲ್ಲಿ ಒಂಟಿಗಣ್ಣನನ್ನು ಸಮಾಧಿ ಮಾಡಿದಿರಿ. ಒಂಬತ್ತನೇ ಭಾಗದಲ್ಲಿ ಅವನೇ ದೋಣಿ ನಡೆಸುತ್ತಾನೆ. ನಿಮ್ಮ ಪುಸ್ತಕವನ್ನು ನೀವೇ ಓದುವುದಿಲ್ಲವೇ?'"

ಅಕ್ಕನ ಪೆನ್ನು ನಿಂತಿತು. "ಒಂಬತ್ತನೇದರಲ್ಲಿ ಬದುಕಿದ್ದಾನಾ? ಹಾಳಾದವನೇ, ನಾನಿನ್ನೂ ಆರರಲ್ಲಿದ್ದೀನಿ! ಎಲ್ಲಾ ಹೇಳಿಬಿಟ್ಟೆಯಲ್ಲೋ!"

"ಬರಿಯೇ ಅಂದ್ರೆ."

"ಬರೀತೀನಪ್ಪ. ಆದ್ರೆ ಆಕೆ ಮಾನ ಕಳೆದ್ರೆ ಹೋದವಳು ವಾಪಸ್ ಬರ್ತಾಳೇನೋ?"

"ಬರೋದು ಬೇಡ. ಇಷ್ಟು ವರ್ಷ ನನ್ನ ನೋಡಿ ನಕ್ಕಿದ್ದಾರೆ. ಒಂದು ಸಲ, ಒಂದೇ ಸಲ, ಆಕೇನ ನೋಡಿ ನಗಲಿ. ಸಾಕು."

ಅಕ್ಕ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸಿ ಬರೆದುಕೊಟ್ಟಳು. ಸಭಾಂಗಣದ ಮೆಟ್ಟಿಲ ಬಳಿ ಅವನು ಚೀಟಿಯನ್ನು ಕೊನೆಯ ಬಾರಿಗೆ ಬಿಡಿಸಿ ಓದಿ, ನಾಲ್ಕಾಗಿ ಮಡಿಸಿ, ಪೆಟ್ಟಿಗೆಯ ಬಾಯಿಗೆ ಹಾಕಿದ.

ಈಗ ಆ ಪೆಟ್ಟಿಗೆಯೊಳಗೆ ಪ್ರಕಾಶಕನ ದಪ್ಪ ಕೈ ಆಡುತ್ತಿತ್ತು.

"ಮೊದಲನೇ ಪ್ರಶ್ನೆ," ಎಂದ ಪ್ರಕಾಶಕ. "'ಕೊನೆಯ ಸಾಲು ಬರೆದಾಗ ನೀವು ಅತ್ತಿರಾ?'"

"ನಾನ್ಯಾಕೆ ಅಳಲಿ? ಅತ್ತಿದ್ದು ಇವರು," ಎಂದು ಆಕೆ ಪ್ರಕಾಶಕನನ್ನೇ ತೋರಿಸಿದಳು. ಸಭೆ ಗೊಳ್ಳೆಂದಿತು.

"'ಮಾಲೆ ಹೇಗೆ ಮುಗಿಯುತ್ತೆ ಅಂತ ಮೊದಲೇ ಗೊತ್ತಿತ್ತಾ?'"

"ಯಾರನ್ನ ಕೊಲ್ಲಬೇಕು ಅಂತ ಗೊತ್ತಿತ್ತು. ಯಾವಾಗ ಅನ್ನೋದು ಮಾತ್ರ ಆಯಾ ವಾರದ ಸಿಟ್ಟಿನ ಮೇಲೆ."

ಮತ್ತೆ ನಗು. ಕೆಂಪುಗೆರೆಯ ಅಂಗೈ ಬೆವರಿ ಮಂಡಿಯ ಬಟ್ಟೆ ಒದ್ದೆಯಾಗಿತ್ತು. ಪ್ರತಿ ಚೀಟಿ ಮೇಲೆ ಬಂದಾಗಲೂ ಅವನು ಕುರ್ಚಿಯ ಅಂಚಿಗೆ ಸರಿಯುತ್ತಿದ್ದ. ಅದಲ್ಲವೆಂದು ಗೊತ್ತಾದಾಗ ಹಿಂದಕ್ಕೆ ಒರಗುತ್ತಿದ್ದ. ಹೀಗೆ ಎಂಟು, ಒಂಬತ್ತು, ಹತ್ತು ಚೀಟಿಗಳು ಹೋದವು.

"'ಗುಮಾಸ್ತ ಹೆಂಡತಿಯ ಚೀಟಿ ತಿದ್ದೋದನ್ನ ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ಅಂಥ ಮನುಷ್ಯ ನಿಜವಾಗಿ ಇರೋಕೆ ಸಾಧ್ಯನಾ?'"

ಕಾದಂಬರಿಕಾರ್ತಿ ಲೋಟವೆತ್ತಿ ಒಂದು ಗುಟುಕು ನೀರು ಕುಡಿದಳು. ಅವಸರವಿರಲಿಲ್ಲ.

"ಎಲ್ಲಿ ಸಾಧ್ಯ? ಅಂಥವನ ಜೊತೆ ಬಾಳೋ ಹೆಂಡತಿ, ಕೂತು ಚೀಟಿ ಬರೆಯೋ ಅಷ್ಟು ಹೊತ್ತು ಮನೇಲಿ ಇರ್ತಿದ್ಲಾ?"

ಕಿಟಕಿಯ ಕಟ್ಟೆಯ ಮೇಲಿದ್ದವರು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ನಕ್ಕರು. ಪಕ್ಕದ ಕುರ್ಚಿಯ ಹೆಂಗಸು ನಗುತ್ತಲೇ ಕೆಂಪುಗೆರೆಯ ಕಡೆ ತಿರುಗಿ, "ಬಾಯಿ ನೋಡಿ ಆಕೇದು!" ಎಂದಳು. ಅವನೂ ಹಲ್ಲು ತೋರಿಸಿದ. ಬರಲಿ, ಎಂದುಕೊಂಡ. ಈಗಲೇ ಬರಲಿ.

ಬಂತು. ಹನ್ನೆರಡನೆಯ ಚೀಟಿಯನ್ನು ಬಿಡಿಸಿದ ಪ್ರಕಾಶಕನ ಮುಖ ಗಂಟಾಯಿತು. "ಇದು ಬೇಡ ಬಿಡಿ ಮೇಡಂ," ಎಂದು ಅದನ್ನು ಮಡಿಸಹೊರಟ.

"ಕೊಡಿ ಇಲ್ಲಿ. ಪ್ರಶ್ನೆಗೆ ಹೆದರಿ ನಾನು ಮನೇಲಿ ಕೂತಿದ್ದು ಯಾವಾಗ?"

ಆಕೆ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕೆಂಪುಗೆರೆ ಮುಂದಕ್ಕೆ ಬಾಗಿದ. ಆಕೆಯ ತುಟಿಯ ಮೇಲಿನ ನಗು ಆರಿತು. ಅವನ ಎದೆ ಕುಣಿಯಿತು. ಇಷ್ಟು ವರ್ಷಗಳ ಲೆಕ್ಕಕ್ಕೆ ಈ ಒಂದು ಗಳಿಗೆ ಸಾಕಾಗಿತ್ತು.

ಅಷ್ಟರಲ್ಲಿ ಕಿಟಕಿಯ ಬಿಸಿಲು ತೆಳು ಕಾಗದವನ್ನು ಹಾಯ್ದು, ಅಕ್ಕನ ನೀಲಿ ಅಕ್ಷರಗಳ ನಡುವೆ ಒಂದು ಕೆಂಪು ಚುಕ್ಕೆ ಅವನಿಗೆ ಕಂಡಿತು. ಅಂಚಿನಲ್ಲಿ ಇನ್ನೊಂದು.

ಅಕ್ಕ 'ಸಮಾದಿ' ಎಂದು ಬರೆದಿದ್ದಳು. ಶಾಲೆಯಲ್ಲಿ ಮೇಷ್ಟ್ರು ಹೊಟ್ಟೆ ಸೀಳಿ ಬರೆಯಿರಿ ಎಂದು ಬಡಿದು ಕಲಿಸಿದ ಮಹಾಪ್ರಾಣ ಅವಳ ಕೈಗೆ ಎಂದೂ ಹತ್ತಿರಲಿಲ್ಲ. ಮೆಟ್ಟಿಲ ಬಳಿ ಚೀಟಿ ಬಿಡಿಸಿದಾಗ ಅವನ ಕೈ ಜೇಬಿಗೆ ಹೋಗಿತ್ತು. ಕೆಂಪು ಪೆನ್ನು ತೆಗೆದು 'ದ'ದ ಹೊಟ್ಟೆ ಸೀಳಿತ್ತು. ಅಷ್ಟಕ್ಕೇ ಬಿಡದೆ, ಅಚ್ಚಿನ ಮನೆಯ ಪದ್ಧತಿಯಂತೆ ಅಂಚಿನಲ್ಲಿ ಓರೆಗೆರೆ ಎಳೆದು ಪಕ್ಕದಲ್ಲಿ ಪುಟ್ಟದಾಗಿ 'ಧ' ಎಂದೂ ಬರೆದಿತ್ತು. ಒಂಟಿಗಣ್ಣನ ಸಾಲಿನಲ್ಲಿ ಎಡಗೈ ಹಿಡಿದು ನಿಲ್ಲಿಸಿದ ಕೈಯನ್ನು ಮೆಟ್ಟಿಲ ಬಳಿ ಹಿಡಿಯುವವರು ಯಾರೂ ಇರಲಿಲ್ಲ. ಆ ಓರೆಗೆರೆಯನ್ನು ಕಾದಂಬರಿಕಾರ್ತಿ ತನ್ನ ಹಸ್ತಪ್ರತಿಗಳ ಅಂಚಿನಲ್ಲಿ ಸಾವಿರಾರು ಸಲ ನೋಡಿದ್ದಳು.

ಆಕೆ ಚೀಟಿ ಕೆಳಗಿಳಿಸಿ, ಸಾಲು ಸಾಲಾಗಿ ಸಭೆಯ ಮೇಲೆ ಕಣ್ಣು ಹಾಯಿಸಿದಳು. ಮೂರನೆಯ ಸಾಲಿನ ತುದಿಯಲ್ಲಿ ಆ ಕಣ್ಣು ನಿಂತಿತು. ಆರಿದ ನಗು ಮತ್ತೆ ಹೊತ್ತಿಕೊಂಡಿತು.

"ನಮ್ಮ ಪ್ರೂಫ್ ನೋಡೋರು ಇಲ್ಲೇ ಇದ್ದಾರೆ. ಬನ್ನಿ ಕೆಂಪುಗೆರೆಯವರೇ, ಸಂಕೋಚ ಯಾಕೆ? ಮೇಲೆ ಬನ್ನಿ."

ಜನ ಚಪ್ಪಾಳೆ ತಟ್ಟಿ ಅವನನ್ನು ವೇದಿಕೆಗೆ ಹತ್ತಿಸಿದರು. ಆಕೆ ಚೀಟಿಯನ್ನೂ ಮೈಕನ್ನೂ ಅವನ ಕೈಗಿಟ್ಟಳು.

"ಗಟ್ಟಿಯಾಗಿ ಓದಿ. ತಪ್ಪಿಲ್ಲದೆ ಓದೋದಕ್ಕೆ ನಿಮಗಿಂತ ಇನ್ಯಾರು ಬೇಕು?"

ಅವನು ಓದಿದ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. "ಹೌದಲ್ರೀ, ಒಂಟಿಗಣ್ಣ ಸತ್ತಿದ್ದ!" ಎಂದಿತು ಒಂದು ಧ್ವನಿ. "ಮೇಡಂ ಸಿಕ್ಕಿಬಿದ್ರು!" ಎಂದಿತು ಇನ್ನೊಂದು. ನಗು ಹಿಂದಿನ ಸಾಲುಗಳಲ್ಲಿ ಹುಟ್ಟಿ ಮುಂದಕ್ಕೆ ಬರತೊಡಗಿತು. ಅವನು ಬಯಸಿದ್ದು ಅದನ್ನೇ. ಅರ್ಧ ನಿಮಿಷ ಅದು ಅವನದಾಗಿತ್ತು.

"ಒಳ್ಳೇ ಪ್ರಶ್ನೆ," ಎಂದು ಆಕೆ ಮೈಕಿಗೆ ಬಾಗಿದಳು. "ಆ ಭಾಗದ ಒಂದೊಂದು ಅಕ್ಷರಾನೂ ಮೂರು ಸಲ ನೋಡಿದೋರು ಇವರು. ನೀವೇ ಹೇಳಿ ಸ್ವಾಮಿ. ನಿಮಗೆ ಕಾಣಲಿಲ್ವಾ? ಇಲ್ಲ, ಕಂಡೂ ಬಿಟ್ರಾ?"

ಪ್ರಕಾಶಕ ಅವನನ್ನೇ ದಿಟ್ಟಿಸಿ ನೋಡುತ್ತಿದ್ದ. ಕಂಡೂ ಬಿಟ್ಟೆ ಎಂದರೆ ಇನ್ನು ಯಾವ ಅಚ್ಚಿನ ಮನೆಯೂ ಅವನನ್ನು ಹೊಸ್ತಿಲು ದಾಟಗೊಡುವುದಿಲ್ಲ. ಕಾಣಲಿಲ್ಲ ಎಂದರೆ, ತಲೆಯೆತ್ತಿ ಹೇಳಿಕೊಳ್ಳಲು ಇದ್ದ ಆ ಒಂದೂ ಹೋಯಿತು.

"ಕಾಣಲಿಲ್ಲ," ಎಂದ.

"ಹಿಂದಿನವರಿಗೆ ಕೇಳಿಸಲಿಲ್ಲವಂತೆ."

"ಕಾಣಲಿಲ್ಲ!"

ಮೈಕು ಕಿರ್ರೆಂದಿತು. ಬೆಚ್ಚಿದ ಅವನ ಕೈಯಿಂದ ಕೆಂಪು ಪೆನ್ನು ಜಾರಿ ವೇದಿಕೆಯ ಹಲಗೆಯ ಮೇಲೆ ಉರುಳಿತು. ಅದು ಜೇಬಿನಿಂದ ಕೈಗೆ ಯಾವಾಗ ಬಂದಿತ್ತೋ ಅವನಿಗೇ ತಿಳಿಯದು. ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತು ಬೆರಳು ಮಾಡಿದರು.

"ಅಯ್ಯೋ, ಗುಮಾಸ್ತ! ಇವನೇ ಕಣ್ರೋ ಗುಮಾಸ್ತ!"

ಸಭಾಂಗಣ ಸ್ಫೋಟಿಸಿತು. ಅವನ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾದಂಬರಿಕಾರ್ತಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಗ್ಗಿ ಪೆನ್ನು ಎತ್ತಿ ಅವನ ಜೇಬಿಗೆ ತಾನೇ ಸಿಕ್ಕಿಸಿದಳು. ಹಾಗೆ ಮಾಡುವಾಗ ಅವನ ಕಿವಿಗೆ ಬಾಯಿ ತಂದಳು.

"ಸಮಾಧಿಯ ಹೊಟ್ಟೆ ಸೀಳದೆ ಇದ್ದಿದ್ರೆ, ಇವತ್ತು ಸತ್ತಿರ್ತಿದ್ದೋಳು ನಾನು."

ಬಳಿಕ ಮೈಕನ್ನೂ ಚೀಟಿಯನ್ನೂ ಕಸಿದುಕೊಂಡು ಸಭೆಗೆ ಕೈಯೆತ್ತಿದಳು. "ತಿಂಗಳಿಂದ ಕಾಯ್ತಾ ಇದ್ದೆ, ಯಾರು ಹಿಡೀತಾರೆ ಅಂತ. ಪ್ರೂಫ್ ನೋಡೋರಿಗೇ ಕಾಣದ ಹಾಗೆ ಬಚ್ಚಿಟ್ಟಿದ್ದೆ ನೋಡಿ! ಒಂಟಿಗಣ್ಣ ಸತ್ತಿಲ್ಲ. ಹೂತದ್ದು ಬೇರೆಯವನನ್ನ. ಯಾರನ್ನ ಅನ್ನೋದು ಹತ್ತನೇ ಭಾಗದಲ್ಲಿ."

ಜನ ಎದ್ದು ನಿಂತರು. ಪ್ರಕಾಶಕನ ಗಂಟುಮುಖ ಬಿಚ್ಚಿಕೊಂಡಿತು.

"ಗುಮಾಸ್ತ ಬರ್ತಾನಾ ಮೇಡಂ?" ಎಂದು ಕಿಟಕಿಯ ಕಡೆಯಿಂದ ಕೂಗು ಬಂತು.

"ಒಬ್ಬ ಎದ್ದು ಬಂದ ಮೇಲೆ ಇನ್ನೊಬ್ಬನಿಗೆ ಬೇಡ ಅನ್ನೋಕಾಗುತ್ತಾ?" ಆಕೆ ಕೆಂಪುಗೆರೆಯ ಹೆಗಲ ಮೇಲೆ ಕೈಯಿಟ್ಟಳು. "ಏನಂತೀರಿ?"

ಪೆನ್ನಿನ ಮುಚ್ಚಳ ನುಂಗಿಯಾದರೂ ಗುಮಾಸ್ತ ಸತ್ತು ತೀರಿದ್ದ. ಅವನನ್ನು ಎಬ್ಬಿಸಿದ್ದು ಈ ಚೀಟಿ.

ಕೆಲಸದಿಂದ ಅವನನ್ನು ತೆಗೆಯಲಿಲ್ಲ. ತೆಗೆಯಬಾರದೆಂದು ಕಾದಂಬರಿಕಾರ್ತಿಯೇ ಪ್ರಕಾಶಕನಿಗೆ ಹೇಳಿದಳಂತೆ. ಮೂರು ವಾರಗಳ ಅನಂತರ, ಒಂದು ಸೋಮವಾರ ಬೆಳಗ್ಗೆ ಹತ್ತನೆಯ ಭಾಗದ ಮೊದಲನೆಯ ಅಧ್ಯಾಯ ಅವನ ಮೇಜಿಗೆ ಬಂತು. ಮೇಲುಗಡೆ ಆ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಲಾಗಿತ್ತು. ಕೆಳಗೆ ಆಕೆಯ ದುಂಡು ಕೈಬರಹದಲ್ಲಿ ಮೊದಲ ಸಾಲು:

'ಗುಮಾಸ್ತ ಸಮಾದಿಯಿಂದ ಎದ್ದು ಕುಳಿತು, ಮೊಟ್ಟಮೊದಲು ತನ್ನ ಕಲ್ಲಿನ ಮೇಲಿದ್ದ ತಪ್ಪನ್ನು ತಿದ್ದಿದ.'

ಇಷ್ಟು ವರ್ಷಗಳಲ್ಲಿ ಆಕೆ ಒಂದು ಮಹಾಪ್ರಾಣವನ್ನೂ ತಪ್ಪಿದವಳಲ್ಲ. ಇದನ್ನು ಬಿಟ್ಟದ್ದು ಅವನಿಗೆಂದೇ. ಪಕ್ಕದ ಕೋಣೆಯಲ್ಲಿ ಅಕ್ಷರ ಜೋಡಿಸುವವರು ಕೆಲಸ ನಿಲ್ಲಿಸಿ, ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅವರಿಗೂ ಹೇಳಿ ಕಳಿಸಿದ್ದಳೆಂದು ಅವನಿಗೆ ಅರ್ಥವಾಯಿತು.

ಅವನು ಪೆನ್ನನ್ನು ಮೇಜಿನ ಖಾನೆಯೊಳಗೆ ಹಾಕಿ ಬೀಗ ತಿರುಗಿಸಿದ. ಎದ್ದು ನೀರು ಕುಡಿದು ಬಂದ. ಎರಡನೆಯ ಸಾಲನ್ನು ಓದಿದ, ಮೂರನೆಯದನ್ನು ಓದಿದ. ಕಣ್ಣು ಮತ್ತೆ ಮತ್ತೆ ಮೊದಲನೆಯದಕ್ಕೇ ಜಾರಿತು. ಅಂಗೈಯಿಂದ ಆ ಪದವನ್ನು ಮುಚ್ಚಿ ಕುಳಿತ. ಅಂಗೈ ಕೆಳಗೆ ಅದು ಕಚ್ಚುತ್ತಿತ್ತು.

ಊಟದ ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷವಿರುವಾಗ ಬೀಗ ತೆರೆದ ಸದ್ದು ಕೇಳಿಸಿತು. ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ತಲೆಯೆತ್ತಲಿಲ್ಲ. 'ದ'ದ ಹೊಟ್ಟೆ ಸೀಳಿ, ಅಂಚಿನಲ್ಲಿ ಓರೆಗೆರೆ ಎಳೆದು, ಪಕ್ಕದಲ್ಲಿ ಪುಟ್ಟದಾಗಿ, ಅಚ್ಚುಕಟ್ಟಾಗಿ 'ಧ' ಎಂದು ಬರೆದ.