ಕಿಸ್ಪಿ ಗುಡ್ಡದ ಕರಿಗಲ್ಲು

ಮಧ್ಯಾಹ್ನಕ್ಕೆ ಅರೆಕಿಪಾ ಪಟ್ಟಣದಿಂದ ಅಧಿಕಾರಿ ಬರುವವನಿದ್ದ. ಅಷ್ಟರೊಳಗೆ ನೆಲಿಡಾಳ ಯಂತ್ರ ಹೌದು ಅನ್ನದಿದ್ದರೆ ನಮ್ಮ ಕಿಸ್ಪಿ ಗುಡ್ಡ ರಸ್ತೆಗೆ ಜಲ್ಲಿಯಾಗಿಬಿಡುತ್ತಿತ್ತು. ಗುಡ್ಡ ಹೋದರೆ ಬುಡದ ಒರತೆ ಹೋಗುತ್ತದೆ, ಒರತೆ ಹೋದರೆ ಹುಲ್ಲು, ಆಮೇಲೆ ನಾವು ಉಣ್ಣೆಗೆ ಸಾಕಿದ ಅಲ್ಪಾಕಾಗಳು. ಬಂಡೆ ಒಡೆಯುವ ದೊಡ್ಡ ಗಾಡಿಯನ್ನು ಆಗಲೇ ತಂದು ಕೆಳಗೆ ನಿಲ್ಲಿಸಿದ್ದರು. ಹಾಳಾದ್ದನ್ನು ನೋಡಬಾರದೆಂದುಕೊಂಡೇ ಬೆಳಗಿನಿಂದ ಅದನ್ನೇ ನೋಡುತ್ತಿದ್ದೆ.

ನೆಲಿಡಾ ಕಣಿವೆಯ ಊರಿನ ಹುಡುಗಿ. ಓದಿ, ಹಳೇ ಕಾಲದ ಕಲ್ಲು ಹುಡುಕುವವಳಾಗಿದ್ದಾಳೆ. ಕೆಳಗಿನ ಗವಿಯಲ್ಲಿ ಅವಳಿಗೆ ಸಾವಿರಾರು ವರ್ಷದ ಹಿಂದಿನವರ ಚೂರಿ, ಬಾಣದ ಮೊನೆಗಳು ಸಿಕ್ಕಿದ್ದವು, ಎಲ್ಲ ಗಾಜಿನಂಥ ಕರಿಗಲ್ಲಿನವು. ಆ ಕಲ್ಲು ನಮ್ಮ ಗುಡ್ಡದ್ದೇ ಎಂದು ತೋರಿಸಿದರೆ ಸರ್ಕಾರ ಗುಡ್ಡವನ್ನು ಮುಟ್ಟಗೊಡುವುದಿಲ್ಲ. ಕರಿಗಲ್ಲು ಎಲ್ಲಿ ಹುಟ್ಟಿದರೂ ಕಣ್ಣಿಗೆ ಒಂದೇ, ಒಳಗೆ ಬೆರೆತದ್ದು ಮಾತ್ರ ಗುಡ್ಡಕ್ಕೊಂದು ಥರ. ಅದನ್ನು ಕಂಡುಹಿಡಿಯಲಿಕ್ಕೇ ಅವಳ ಕೈಯಲ್ಲಿದ್ದ ಯಂತ್ರ.

ಗುಡ್ಡದ ಕಲ್ಲು ನಾನು ತರುತ್ತೇನೆಂದು ಮುಂದೆ ಬಂದವರು ನನ್ನ ಗಂಡನ ಅಪ್ಪ, ಮಾವ ಮೆಲೆಸಿಯೊ. ಚೀಲ ತುಂಬ ತಂದು ಅಂಗಳದಲ್ಲಿ ಸುರಿದಿದ್ದರು. ನೆಲಿಡಾ ಒಂದೊಂದಕ್ಕೂ ಯಂತ್ರ ಒತ್ತಿದಳು. ಅವಳ ಮುಖ ಇಳಿಯುತ್ತಾ ಹೋಯಿತು.

"ಇದು ಗವಿ ಕಲ್ಲಲ್ಲ, ಡಮಿಯಾನಕ್ಕಾ. ಇದೂ ಅಲ್ಲ. ಒಂದಕ್ಕೊಂದು ಕೂಡ ತಾಳೆ ಆಗ್ತಿಲ್ಲ. ಒಂದೇ ಗುಡ್ಡದ ಹೊಟ್ಟೇಲಿ ಇಷ್ಟು ಥರದ್ದು ಹುಟ್ಟೋದುಂಟಾ?"

ಮಾವ ಟೋಪಿ ಸರಿಮಾಡಿಕೊಳ್ಳುತ್ತಾ ಎತ್ತಲೋ ನೋಡುತ್ತಿದ್ದರು. ಅನುಮಾನ ಬಂದು ಒಂದು ಕಲ್ಲನ್ನು ಮಗುಚಿದೆ. ಅಗಿದ ಕೋಕಾ ಎಲೆ ಅದರ ಅಡಿಗೆ ಒಣಗಿ ಅಂಟಿಕೊಂಡಿತ್ತು.

"ಮಾವ, ಇದನ್ನ ಘಾಟಿ ಮೇಲಿನ ಗುಪ್ಪೆಯಿಂದ ಎತ್ಕೊಂಡು ಬಂದ್ರಾ?"

ಘಾಟಿ ದಾಟುವವರೆಲ್ಲ ತಮ್ಮ ಕಡೆಯ ಕಲ್ಲೊಂದನ್ನು ಹೊತ್ತು ತಂದು, ಬಾಯೊಳಗಿನ ಕೋಕಾ ಅದಕ್ಕೆ ಮೆತ್ತಿ, ಆಯಾಸವನ್ನೂ ಅದರ ಜೊತೆಗೇ ಬಿಟ್ಟು ಹೋಗುವ ಗುಪ್ಪೆ ಅದು. ಅಲ್ಲಿರುವುದು ಊರೂರಿನ ಕಲ್ಲು.

"ಆಗಸ್ಟಲ್ಲಿ ಗುಡ್ಡ ಒಡೀತಾರೇನೇ?" ಎಂದರು ಮಾವ. ದಿನ ತುಂಬುತ್ತಿದ್ದ ನನ್ನ ಹೊಟ್ಟೆಯ ಮೇಲೆ ಅವರ ಕಣ್ಣಿತ್ತು. "ಭೂಮಿ ಬಾಯ್ತೆರೆದಿರೋ ತಿಂಗಳು. ಕಾಣಿಕೆ ಸುಡದೆ ಒಡೆದ್ರೆ ಮನೇಲಿ ಒಂದು ಜೀವ ಕೇಳ್ತದೆ. ಗುಪ್ಪೇಲಿರೋದೂ ಕರಿಗಲ್ಲೇ ಅಲ್ವಾ ಅಂದ್ಕೊಂಡೆ."

"ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಮ್ಗೆ?"

"ಇವತ್ತೇ ಕಾಣಿಕೆ ಸುಡೋಕಾಗಲ್ವಾ ತಾತಾ?" ನೆಲಿಡಾ ಕೇಳಿದಳು.

"ಅದಕ್ಕೆ ಇಡೀ ರಾತ್ರಿ ಕೂರಬೇಕಮ್ಮ."

ಬಿಸಿಲು ಆಗಲೇ ಏರಿತ್ತು. ನನಗೂ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಸುತ್ತಿಗೆ ಎತ್ತಿಕೊಂಡೆ. ಮಾವ ಕಿತ್ತುಕೊಂಡರು.

"ಕೂತ್ಕೋ. ನಿನ್ನ ಬಾಯಿಗೇ ಗುಡ್ಡ ಸೀಳಿಕೊಳ್ತದೆ, ಸುತ್ತಿಗೆ ಯಾಕೆ."

ನಾನು ಕೂರಲಿಲ್ಲ. ಏದುಸಿರು ಬಿಡುತ್ತಾ ಅವರ ಹಿಂದೆಯೇ ಹತ್ತಿದೆ, ನೆಲಿಡಾ ನನ್ನ ತೋಳು ಹಿಡಿದಿದ್ದಳು. ಕರಿ ಬಂಡೆಯ ಮುಂದೆ ಮಾವ ಟೋಪಿ ತೆಗೆದರು.

"ಒಡೀತಿರೋನು ನಾನು, ಮೆಲೆಸಿಯೊ. ಕೇಳೋದಿದ್ರೆ ನನ್ನನ್ನೇ ಕೇಳು. ನನ್ನ ಸೊಸೆ ಈ ಕಡೆ ಬಂದೇ ಇಲ್ಲ."

ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ.

ಹೊಡೆದ ಏಟಿಗೆ ಚಕ್ಕೆ ಹಾರಿ ಮಾವನ ಅಂಗೈ ಸೀಳಿತು. ರಕ್ತ ಬಂಡೆಯ ಮೇಲೆ ಸುರಿಯಿತು. ಅವರು ಅದನ್ನು ಒರೆಸಲಿಲ್ಲ. "ಇಷ್ಟು ಸಾಲ್ದಾ?" ಎಂದು ಗುಡ್ಡವನ್ನು ಕೇಳಿದರು.

ನೆಲಿಡಾ ಆ ಚಕ್ಕೆಗೆ ಯಂತ್ರ ಒತ್ತಿದಳು. ಗವಿಯ ಚೂರಿಗೆ ತಾಳೆಯಾಯಿತು. ಅನುಮಾನ ಉಳಿಯದಿರಲೆಂದು ಬಂಡೆಗೂ ಒತ್ತಿ ನೋಡಿದಳು, ಅದೇ. ಅವಳು ಅಲ್ಲೇ ಕುಕ್ಕರಿಸಿ ಅತ್ತಳು. ಅಧಿಕಾರಿ ಬಂದು ತನ್ನ ಕಣ್ಣಾರೆ ನೋಡಿದ. ಸಂಜೆಯ ಹೊತ್ತಿಗೆ ಗಾಡಿ ಹಿಂದೆ ಸರಿದು ಇಳಿದು ಹೋಯಿತು. ಊರೆಲ್ಲ ನಗುತ್ತಿತ್ತು, ನನಗೆ ಆಗಲಿಲ್ಲ.

ಮಾವ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ತಾವು ಹೋದರೆ ತಾವು ಹೊದೆಯುವ ಹೊಸ ಪೊಂಚೊ ಹುಟ್ಟುವ ಮಗುವಿಗಿರಲಿ ಎಂದು ನೆಲಿಡಾಳಿಗೆ ಹೇಳಿದ್ದರಂತೆ. ಒಣ ಆಲೂಗಡ್ಡೆಯ ಸಾರು ಹಿಡಿದು ಪಕ್ಕದಲ್ಲಿ ಕೂತೆ. ಕರೆದೆ. ಅಲುಗಲಿಲ್ಲ. ಮತ್ತೆ ಕರೆದೆ.

ನಿಧಾನಕ್ಕೆ ಎದ್ದು ಒಂದು ಗುಟುಕು ಕುಡಿದರು.

"ಉಪ್ಪಿಲ್ಲ."

ಬೇರೆ ದಿನವಾಗಿದ್ದರೆ ಜಗಳಕ್ಕೇ ಬೀಳುತ್ತಿದ್ದೆ.

"ನಾಳೆ ಸರಿಯಾಗಿ ಹಾಕ್ತೀನಿ ಮಾವ."

"ನಾಳೆ ತಾನೇ, ನೋಡೋಣ," ಎಂದರು.

ಭೂಮಿ ಬಾಯಿ ಮುಚ್ಚಲು ಆಗಸ್ಟ್ ಇನ್ನೂ ಅರ್ಧ ಉಳಿದಿತ್ತು.