ಫಕ್ಕೀರವ್ವ ತನಗೇ ಕೊಂಡ ಮಂಚ

ನಾನು ಒಂದು ಮಂಚ. ಬೇವಿನ ಮರದ ಮಂಚ. ತಲೆಯ ಕಡೆ ಕೆತ್ತನೆಯಿಲ್ಲ, ಕನ್ನಡಿಯಿಲ್ಲ, ಹೊಟ್ಟೆಯೊಳಗೆ ಹಾಸಿಗೆ ತುಂಬಿಡುವ ಪೆಟ್ಟಿಗೆಯೂ ಇಲ್ಲ. ನಾಲ್ಕು ಕಾಲು, ಸುತ್ತ ಪಟ್ಟಿ, ಮೇಲೆ ಅಡ್ಡ ಹಲಗೆಗಳು. ಇಷ್ಟೇ ನಾನು. ಇಷ್ಟೇ ಇದ್ದರೂ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ.

ಬೆಟಗೇರಿಯಲ್ಲಿ ರಸ್ತೆ ಅಗಲ ಮಾಡುವಾಗ ಉರುಳಿಸಿದ ಬೇವಿನ ಮರ ನನ್ನ ತಾಯಿ. ದಿಮ್ಮಿಯನ್ನು ಕಾಳಪ್ಪ ಬಡಿಗೇರ ತನ್ನ ಅಂಗಡಿಗೆ ತಂದು, ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಕೊಯ್ದು ಕೀಸಿ ನನ್ನನ್ನು ಮಾಡಿದ. ಮೊಳೆ ಕಡಿಮೆ. ಮರದೊಳಗೆ ಮರ ಸೇರಿಸಿ ಬೆಣೆ ಜಡಿದ. ಒಮ್ಮೆ ಕೂಡಿಸಿದ ಮೇಲೆ ನನ್ನನ್ನು ಬಿಚ್ಚುವುದು ಸುಲಭವಲ್ಲ. ಈ ಗುಣವೇ ಮುಂದೆ ನನಗೂ ನನ್ನವರಿಗೂ ಬಲವಾಯಿತು, ತೊಂದರೆಯೂ ಆಯಿತು.

ಅಂಗಡಿಯ ಎದುರಿಗೇ ಒಂದು ದೊಡ್ಡ ಫರ್ನಿಚರ್ ಶೋರೂಮ್ ಇತ್ತು. ಅಲ್ಲಿನ ಮಂಚಗಳು ಗಾಜಿನ ಹಿಂದೆ ಮಿರಮಿರ ಮಿಂಚುತ್ತಿದ್ದವು. ಅಲ್ಲಿ ದರ ಕೇಳಿ ಬೆವರಿದವರು ರಸ್ತೆ ದಾಟಿ ನನ್ನ ಬಳಿಗೆ ಬರುತ್ತಿದ್ದರು. ಬೆರಳಿನಿಂದ ಟಕಟಕ ಬಡಿಯುತ್ತಿದ್ದರು. "ಗಟ್ಟಿ ಐತಿ, ಖರೆ. ಆದ್ರ ಡಿಸೈನ್ ಇಲ್ಲಲ್ಲ" ಎಂದು ಹೋಗುತ್ತಿದ್ದರು. ಮದುವೆಯ ಸೀಜನ್ ಒಂದು ಹೋಯಿತು, ಇನ್ನೊಂದೂ ಹೋಯಿತು. ಕಾಳಪ್ಪನಿಗೇ ನನ್ನ ಮೇಲಿನ ನಂಬಿಕೆ ಸಡಿಲವಾಯಿತು. ಒಂದು ದಿನ ಸಾಗವಾನಿ ಬಣ್ಣದ ಡಬ್ಬಿ ತಂದಿಟ್ಟ. ನನಗೆ ಮೈಯೆಲ್ಲ ಉರಿಯಿತು. ಬೇವಾಗಿ ಹುಟ್ಟಿದ್ದೇನೆ, ಬೇವಾಗಿಯೇ ಮಾರಾಟವಾಗುತ್ತೇನೆ, ಇಲ್ಲವಾದರೆ ಇಲ್ಲೇ ನಿಲ್ಲುತ್ತೇನೆ ಎಂದುಕೊಂಡೆ. ಮಂಚದ ಮಾತು ಯಾರು ಕೇಳುತ್ತಾರೆ?

ಅವನು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಒಬ್ಬ ಹೆಂಗಸು ಶೋರೂಮಿನಿಂದ ಹೊರಬಿದ್ದು ಸೀದಾ ನಮ್ಮ ಕಡೆ ಬಂದಳು. ಹಣೆ ಬೋಳು, ಕೈ ಬೋಳು. ಮುಂಗೈಯ ತುಂಬ ಹೆಂಚು ತಾಗಿ ಸುಟ್ಟ ಗುರುತು. ಒಂದೊಂದು ಹೆಜ್ಜೆಗೂ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು. ಅವಳೇ ಫಕ್ಕೀರವ್ವ. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು.

"ಇದರ ಮ್ಯಾಲೆ ಮಲಗಿ ನೋಡ್ಲೇನು?" ಎಂದು ಕೇಳಿದಳು.

ಕಾಳಪ್ಪ ಕಣ್ಣು ಕಣ್ಣು ಬಿಟ್ಟ. "ಬೀದಿಯಾಗ್ರೀ?"

"ಅಲ್ಲಿ ಗಾಜಿನ ಅಂಗಡಿಯಾವ ಕುಂಡ್ರಾಕ ಸೈತ ಬಿಡಲಿಲ್ಲ. ಹಾಸಿಗಿ ಹೊಲಸಾಗತೈತಂತ. ಮಲಗಿ ನೋಡದ ಮಂಚ ಹ್ಯಾಂಗ ತಗೊಳ್ಳಲಿ?"

ಉತ್ತರಕ್ಕೆ ಕಾಯದೆ ಸೆರಗು ಸರಿಮಾಡಿಕೊಂಡು ನನ್ನ ಬರಿ ಹಲಗೆಯ ಮೇಲೆ ಅಂಗಾತ ಮಲಗಿಬಿಟ್ಟಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ನಾನು ಕಿಮಕ್ ಎನ್ನಲಿಲ್ಲ. ಆಮೇಲೆ ಎದ್ದು ಕುಳಿತಳು. ಕಾಲು ನೆಲಕ್ಕೆ ಇಳಿಬಿಟ್ಟು, ಗೋಡೆ ಹಿಡಿಯದೆ, ಯಾರ ಕೈಯನ್ನೂ ಕೇಳದೆ ಎದ್ದು ನಿಂತಳು. ಅವಳ ಮುಖದಲ್ಲಿ ಮೂಡಿದ ನಗೆಯನ್ನು ಆ ಶೋರೂಮಿನ ಯಾವ ಕನ್ನಡಿಯೂ ಕಂಡಿರಲಾರದು.

"ಮಗಳ ಮದುವಿಗೇನ್ರೀ?" ಕಾಳಪ್ಪ ಕೇಳಿದ.

"ಅಲ್ಲ. ನನಗ."

ಕಾಳಪ್ಪ ಅವಳ ಬೋಳು ಹಣೆ ನೋಡಿದ, ನನ್ನನ್ನು ನೋಡಿದ, ದರ ಹೇಳಿದ. ಸ್ವಲ್ಪ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ, "ಬಣ್ಣ ಬಳದು ನಾಳೆ ಕಳಸ್ಲ್ಯಾ?" ಎಂದ.

"ಬಣ್ಣ ಬ್ಯಾಡ. ಬೇವಿನ ವಾಸನಿ ಹೋಗತೈತಿ. ಇವತ್ತ ಬೇಕು."

ಟಂಟಂ ಗಾಡಿಯಲ್ಲಿ ಹೊರಟೆ. ಅವಳ ಓಣಿಗೆ ಬಂದ ಕೂಡಲೇ "ಯಾರ ಮದುವೀನ?" ಎಂದು ಎಲ್ಲ ಕಟ್ಟೆಗಳಿಂದಲೂ ಪ್ರಶ್ನೆ. ಎಲ್ಲರಿಗೂ ಅವಳದು ಒಂದೇ ಉತ್ತರ: "ಯಾರದೂ ಅಲ್ಲ. ನಾ ಮಲಗಾಕ."

ಅವಳ ಮಗ ಬೇರೆ ಊರಿನಲ್ಲಿ ದುಡಿಯುತ್ತಿದ್ದ. ಆ ಮನೆ ಗಂಡನ ಅಣ್ಣ ವೀರಭದ್ರಪ್ಪನಿಗೂ ಅವಳಿಗೂ ಸೇರಿದ್ದು. ಕೋಣೆಗಳು ಬೇರೆ, ಮುಂಬಾಗಿಲು ಒಂದೇ. ಎರಡೂ ಕದ ತೆಗೆದರೆ ಮಾತ್ರ ನಾನು ಒಳಗೆ ಹೋಗುವಂತಿತ್ತು. ವೀರಭದ್ರಪ್ಪ ಒಂದು ಕದದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಗಂಡ ಸತ್ತಾಕಿ ಮಂಚ ಏರ್ತಾಳೇನು? ನಮ್ಮವ್ವ ಸಾಯೋತನಕ ಚಾಪಿ ಮ್ಯಾಲೆ ಮಲಗಿದಳು. ಈ ಮನಿ ಮರ್ಯಾದಿ ಏನಾಗಬೇಕು?"

"ಭಾವಾರ, ನನಗ ನೆಲದಿಂದ ಏಳಾಕ ಆಗವಲ್ದು. ಮೊಣಕಾಲು ಮರ್ಯಾದಿ ಮಾತು ಕೇಳಂಗಿಲ್ಲ."

"ವಾಪಸ್ ಕೊಟ್ಟು ಬಾ."

"ವಾಪಸ್ ಹೋಗಂಗಿಲ್ಲ. ಒಳಗ ಬಿಡದಿದ್ರ ಇಲ್ಲೇ ಅಂಗಳದಾಗ ಇರತೈತಿ. ನಾನೂ ಇಲ್ಲೇ ಮಲಗತೀನಿ. ಓಣಿ ಮಂದಿ ನೋಡಲಿ."

ಅವಳು ಬರೀ ಮಾತಿಗೆ ಹೇಳಿದ್ದಲ್ಲ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುಟ್ಟಿಗಳನ್ನು ಖಾನಾವಳಿಗೆ ಕಳಿಸಿ, ಮಧ್ಯಾಹ್ನ ಎಲ್ಲರ ಕಣ್ಣೆದುರಿಗೇ ಬಂದು ನನ್ನ ಮೇಲೆ ಮಲಗಿದಳು. ಮರುದಿನವೂ ಮಲಗಿದಳು. ಬಿಸಿಲು ಬಂದರೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹನಿ ಬಿದ್ದಾಗ ನನ್ನ ಮೇಲೆ ತಾಡಪತ್ರಿ ಹೊದಿಸಿದಳು. ನಾನೂ ಹಟ ಹಿಡಿದೆ. ಬಿಸಿಲಿಗೆ ಸೀಳಬಾರದು, ಹನಿಗೆ ಉಬ್ಬಬಾರದು. ಅವಳು ಸೋಲದಿದ್ದರೆ ನಾನು ಹೇಗೆ ಸೋಲಲಿ?

ಓಣಿಯ ಗಂಡಸರು ಕೆಮ್ಮುತ್ತ ದಾಟಿ ಹೋದರು. ಹೆಂಗಸರು ಹಾಗಲ್ಲ. ಒಬ್ಬೊಬ್ಬರೇ ಬಂದು ನನ್ನ ಅಂಚಿಗೆ ಕುಳಿತರು. ಒಂದು ಮಧ್ಯಾಹ್ನ ಪಕ್ಕದ ಮನೆಯ ಸಾವಂತ್ರವ್ವ ಕೋಲು ಊರಿಕೊಂಡು ಬಂದಳು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡ ಮುದುಕಿ. ಕುಳಿತಳು, ಎದ್ದಳು, ಮತ್ತೆ ಕುಳಿತಳು.

"ಮಲಗಬೇ ಯಮ್ಮಾ," ಎಂದಳು ಫಕ್ಕೀರವ್ವ. "ಇದೇನು ಕಚ್ಚಂಗಿಲ್ಲ."

ಮುದುಕಿ ಮಲಗಿದಳು. ಎಷ್ಟು ಹಗುರ ಇದ್ದಳೆಂದರೆ ಒಂದು ಹಿಡಿ ಒಣ ಜೋಳದ ಸೊಪ್ಪೆ ಇಟ್ಟಂತಾಯಿತು. ಕಣ್ಣಂಚಿನಿಂದ ನೀರು ಇಳಿದು ನನ್ನ ಹಲಗೆ ತೊಯ್ಯಿತು. "ನನ್ನ ಬೆನ್ನು ನೆಲ ಬಿಟ್ಟಿದ್ದು ಯಾವಾಗ ಅನ್ನೋದ ಮರತುಬಿಟ್ಟಿದ್ದೆ" ಎಂದಳು.

ಕಿಟಕಿಯಿಂದ ಇದನ್ನೆಲ್ಲ ಇನ್ನೊಬ್ಬಳು ನೋಡುತ್ತಿದ್ದಳು: ವೀರಭದ್ರಪ್ಪನ ಹೆಂಡತಿ ಗೌರವ್ವ. ಗಂಡನ ಮಾತಿಗೆ ಎಂದೂ ಎದುರಾಡಿದವಳಲ್ಲ. ಮಂಚ ಬಂದಂದಿನಿಂದ ನೆಗೆಣ್ಣಿಯ ಜೊತೆ ಮಾತೂ ಬಿಟ್ಟಿದ್ದಳು. ಅವಳು ಕಿಟಕಿಯಿಂದ ಸರಿದಳು. ಒಳಗೆ ಚಿಲಕ ತೆಗೆದ ಸದ್ದಾಯಿತು. ಎರಡೂ ಕದ ಗೋಡೆಗೆ ಬಡಿಯುವಂತೆ ತೆರೆದುಕೊಂಡವು.

"ಏನ್ ಮಾಡಾಕತ್ತೀ?" ವೀರಭದ್ರಪ್ಪ ಕೂಗಿದ.

"ಮಂಚ ಒಳಗ ತರಾಕತ್ತೀನಿ. ನಾಳೆ ನೀವ ಮೊದಲು ಹ್ವಾದಿರಂದ್ರ, ನಾ ಮಲಗೋ ಮಂಚದಿಂದ ನನ್ನ ಇಳಸ್ತಾರೇನು? ಮೊದಲು ಅದನ್ನ ಹೇಳ್ರಿ."

ವೀರಭದ್ರಪ್ಪ ಹೆಗಲ ಮೇಲಿನ ಟವೆಲು ಜಾಡಿಸಿಕೊಂಡು ಹೊರಗೆ ಹೋದ.

"ಫಕ್ಕೀರಿ, ಆ ಕಡೆ ಹಿಡಿ," ಎಂದಳು ಗೌರವ್ವ. ಓಣಿಯ ಹೆಂಗಸರೆಲ್ಲ ಕೈ ಹಚ್ಚಿದರು. ಹೊಸ್ತಿಲು ದಾಟುವಾಗ ನನ್ನ ಒಂದು ಕಾಲು ಕದಕ್ಕೆ ತಗುಲಿ ತುಸು ಕೆತ್ತಿಹೋಯಿತು. ನನ್ನ ಮೈಮೇಲಿನ ಮೊದಲ ಗಾಯ ಅದು. ಯಾವ ಕೆತ್ತನೆಗಿಂತಲೂ ಅದು ನನಗೆ ಚಂದ.

ಆ ಕೋಣೆಯಲ್ಲಿ ನಾನು ಬಹಳ ವರ್ಷ ಇದ್ದೆ. ನನ್ನ ಮೇಲೆ ರೊಟ್ಟಿ ಆರಿದವು, ಫಕ್ಕೀರವ್ವನ ಮೊಮ್ಮಕ್ಕಳು ಕುಣಿದರು, ಹಬ್ಬದ ಹಿಂದಿನ ದಿನ ಗೌರವ್ವ ಬಂದು ಕುಳಿತು ಕಡಲೆಬೇಳೆ ಆರಿಸಿದಳು. ವೀರಭದ್ರಪ್ಪ ಮಾತ್ರ ಒಮ್ಮೆಯೂ ನನ್ನ ಮೇಲೆ ಕೂರಲಿಲ್ಲ. ಕೂರದಿದ್ದರೆ ನನಗೇನು?

ಫಕ್ಕೀರವ್ವ ಮಂಚ ಹಿಡಿದು ಕೊನೆಯುಸಿರು ಎಳೆಯುವಾಗ ಹಿರಿಯರು ಯಾರೋ ಅವಳನ್ನು ನೆಲಕ್ಕೆ ಇಳಿಸಿ ಎಂದರು. ಅವಳು ಕಣ್ಣು ಬಿಟ್ಟು ನನ್ನ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. "ಬ್ಯಾಡ" ಎಂದಳು. ಗೌರವ್ವ ಅಡ್ಡ ನಿಂತಳು. ಫಕ್ಕೀರವ್ವ ನನ್ನ ಮೇಲೆಯೇ ಹೋದಳು. ಅವಳ ಬೆರಳುಗಳನ್ನು ನನ್ನಿಂದ ಬಿಡಿಸಲು ಗೌರವ್ವನಿಗೆ ಬಹಳ ಹೊತ್ತು ಬೇಕಾಯಿತು.

ಸಾವು ಕಂಡ ಮಂಚ ಮನೆಯಲ್ಲಿರಬಾರದು ಎಂದು ಅವಳ ಮಗ ನನ್ನನ್ನು ಗುಜರಿಗೆ ಹಾಕಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದ್ದ, ಅಷ್ಟೇ.

ಗುಜರಿಯ ದಾವಲಸಾಬ ನನ್ನನ್ನು ಸೌದೆಗೆಂದು ಒಡೆಯಲು ಹೋದ. ನನ್ನ ಬೆಣೆಗಳು ಜಗ್ಗಲಿಲ್ಲ. ಕೊಡಲಿಯ ಹಿಡಿಯೇ ಸಡಿಲವಾದಾಗ ನಕ್ಕು, "ಇರು ಹಂಗಾರ" ಎಂದ. ನನ್ನ ಪಕ್ಕದಲ್ಲಿ ಶೋರೂಮಿನ ಮಂಚವೊಂದು ಬಿದ್ದಿತ್ತು. ಮಳೆಗೆ ನೆನೆದು ಅದರ ಹಲಗೆ ಅವಲಕ್ಕಿಯಂತೆ ಉಬ್ಬಿತ್ತು. ಪಾಪ, ಅದನ್ನು ನೋಡಿ ನಗಬೇಕೆನಿಸಲಿಲ್ಲ.

ಕಡಿಮೆ ದರದ ಮಂಚ ಹುಡುಕುತ್ತ ಅನೇಕರು ಬಂದರು. "ಇದರ ಮ್ಯಾಲೆ ಯಾರರ ಸತ್ತಾರೇನು?" ಎಂದು ಕೇಳುತ್ತಿದ್ದರು. ದಾವಲಸಾಬ ಸುಳ್ಳು ಹೇಳುತ್ತಿರಲಿಲ್ಲ. ಅವರು ಹೋಗಿಬಿಡುತ್ತಿದ್ದರು. ಹೀಗೇ ಒಂದು ದಿನ ಖಾಕಿ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಹೆಸರು ಹುಲಿಗೆಮ್ಮ. ಊರಿನ ಕಸದ ಗಾಡಿ ಓಡಿಸುತ್ತಾಳೆ. ಅವಳೂ ಅದನ್ನೇ ಕೇಳಿದಳು.

"ಹೌದವಾ," ಎಂದ ದಾವಲಸಾಬ. "ಒಬ್ಬಾಕಿ ಸತ್ತಾಳ."

"ಮನಿಯಾಗೂ ಮಂದಿ ಸಾಯತಾರ ಕಾಕಾ. ಮನಿ ಒಗೀತಾರೇನು?" ಎಂದು ನನ್ನ ಒಂದು ಮೂಲೆ ಎತ್ತಿ ತೂಕ ನೋಡಿದಳು. "ಭಾಳ ಗಟ್ಟಿ ಐತಿ. ಒಯ್ಯಾಕ ಗಾಡಿ ಯಾವುದರ ಇದ್ರ ಹೇಳ್ರಿ."

ಈಗ ನಾನು ಅವಳ ಬಾಡಿಗೆ ಕೋಣೆಯಲ್ಲಿದ್ದೇನೆ. ಮಹಡಿ ಮೇಲಿನ ಒಂದೇ ಕೋಣೆ. ನನಗೆ ವಯಸ್ಸಾಗಿದೆ. ಹಲಗೆಯೊಂದು ಬದಲಾಗಿದೆ. ಎಷ್ಟು ಬಿಗಿದರೂ ಕೀಲುಗಳು ಮಾತಾಡುತ್ತವೆ. ಮಧ್ಯಾಹ್ನ ಕೆಲಸ ಮುಗಿಸಿ ಬಂದು, ಮೈಕೈ ತೊಳೆದುಕೊಂಡು, ಹುಲಿಗೆಮ್ಮ ನನ್ನ ಮೇಲೆ ಧೊಪ್ಪನೆ ಬೀಳುತ್ತಾಳೆ. ನಾನು ಕಿರ್ರೋ ಎನ್ನುತ್ತೇನೆ. ಮೊನ್ನೆ ಮನೆಯ ಒಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಏನವಾ ಇದು, ನೀ ಹೊಳ್ಳಿದ್ದೆಲ್ಲಾ ಕೆಳಗ ಕೇಳತೈತಿ. ಒಬ್ಬಾಕಿಗೆ ಇಷ್ಟ ದೊಡ್ಡ ಮಂಚ ಯಾಕ?"

ಹುಲಿಗೆಮ್ಮ ಏಳಲಿಲ್ಲ. ಕೈಕಾಲು ಚಾಚಿ, ನನ್ನ ನಾಲ್ಕೂ ಮೂಲೆ ತುಂಬಿಕೊಂಡಳು.

"ಕೇಳಲಿ ಬಿಡ್ರೀ ಅಕ್ಕಾರ," ಎಂದು ಕಣ್ಣು ಮುಚ್ಚಿದಳು.

ನಾನು ಇನ್ನಷ್ಟು ಜೋರಾಗಿ ಕಿರುಗುಟ್ಟಿದೆ.