ಆರನೆಯ ಹೆಸರು

ಗೋದಾತೀರ ಕಥಾ ಪ್ರಶಸ್ತಿಗೆ ಬಂದ ಪ್ರತಿಯೊಂದು ಕತೆಯನ್ನೂ ತಾನು ಮೂರು ಸಲ ಓದುತ್ತೇನೆಂದು ಗುರುಬಸವಪ್ಪನವರು ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಭಾಲ್ಕಿಯಿಂದ ಬಂದು ಸಂಭಾಜಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಿಗೆ, ಮಹಾರಾಷ್ಟ್ರದ ಕನ್ನಡಿಗರು ಬರೆದ ಕತೆಗಳಲ್ಲಿ ಐದನ್ನು ಆರಿಸುವ ಕಾರ್ಯದರ್ಶಿ ಪದವಿ ಸಣ್ಣದೇನಲ್ಲ. ಆ ಐವರು ನಾಸಿಕದ ಸಮಾರಂಭದಲ್ಲಿ ಒಂದೊಂದು ಪುಟ ಓದುತ್ತಾರೆ. ಮೂವರು ತೀರ್ಪುಗಾರರು ಅಲ್ಲೇ ಗೆದ್ದವರನ್ನು ಗೊತ್ತುಮಾಡುತ್ತಾರೆ. ಈ ವರ್ಷದ ಐದು ಹೆಸರುಗಳು ಆಮಂತ್ರಣದಲ್ಲಿ ಅಚ್ಚಾಗಿ ಎಲ್ಲರ ಕೈಸೇರಿದ್ದವು.

ಸಮಾರಂಭಕ್ಕೆ ಮೂರು ದಿನವಿತ್ತು. ಉಳಿದ ಕತೆಗಳನ್ನು ಚೀಲಕ್ಕೆ ತುಂಬಲು ಮೊಮ್ಮಗಳು ವೈಷ್ಣವಿ ಕೂತಿದ್ದಳು. ಹದಿನಾರರ ಹುಡುಗಿ, ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧಕ್ಕರ್ಧ ಮರಾಠಿಯಲ್ಲಿ. ಅಕ್ಷರ ಕಲಿಸಲು ಅಜ್ಜ ಪಾಟಿ ಹಿಡಿದಾಗಲೆಲ್ಲ ಅವಳು ಕಾಲಿಗೆ ಬುದ್ಧಿ ಹೇಳಿದ್ದಳು. ಈಗ ಅವಳ ಕೈಗೆ ದೇವನಾಗರಿ ಲಿಪಿಯಲ್ಲಿ ಬರೆದ ಒಂದು ಕತೆ ಸಿಕ್ಕಿತು. ಮೇಲ್ಗಡೆ ಅಜ್ಜ ಕೆಂಪು ಶಾಯಿಯಲ್ಲಿ ‘ಮರಾಠಿ, ಅನರ್ಹ’ ಎಂದು ಗೀಚಿದ್ದರು.

ಹುಡುಗಿ ಎರಡು ಸಾಲು ಓದಿ ಹುಬ್ಬು ಗಂಟಿಕ್ಕಿದಳು.

"ಅಜ್ಜಾ, ಹೇ ಮರಾಠಿ ನಾಹೀ. ನೀವು ಅಜ್ಜಿ ಜೋಡಿ ಮಾತಾಡ್ತೀರಲ್ಲ, ಅದ ಮಾತು."

"ಹುಚ್ಚಿ, ಏನು ಹೇಳ್ತಿ?"

ಅವಳು ಗಟ್ಟಿಯಾಗಿ ಓದತೊಡಗಿದಳು.

"ಅವ್ವ ಹೋದ ದಿನ ಮನ್ಯಾಗಿನ ಸಾಮಾನೆಲ್ಲ ಇದ್ದಲ್ಲೇ ಇದ್ದವು. ಅವನ್ನ ಹೆಸರ ಹಿಡದು ಕರಿಯೋ ದನಿ ಅಷ್ಟೇ ಇರಲಿಲ್ಲ. ಸೊಸಿ ಅವಕ್ಕೆಲ್ಲ ಮರಾಠಿ ಹೆಸರಿಟ್ಟಳು. ಒಂದಿನ ಯಾರೂ ಇಲ್ಲದಾಗ ನಾ ಬೀಸುಕಲ್ಲಿನ ಮುಂದ ಕುಂತು, ಬೀಸುಕಲ್ಲೇ, ಅಂತ ಕರದೆ. ಅದು ಓ ಅನಲಿಲ್ಲ."

ಗುರುಬಸವಪ್ಪನವರ ಮೈ ಜುಮ್ಮೆಂದಿತು. ಇಂಥ ಸಾಲು ಹನ್ನೊಂದು ವರ್ಷದಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕಿಂತ ದೊಡ್ಡ ಬೆರಗು ಎದುರಿಗೇ ಕೂತಿತ್ತು. ಒಂದು ‘ಅ’ ಕೂಡ ತಿದ್ದದ ಹುಡುಗಿ ಹನ್ನೆರಡು ಪುಟ ಕನ್ನಡವನ್ನು ಒಂದೇ ಉಸಿರಿನಲ್ಲೆಂಬಂತೆ ಓದಿ ಮುಗಿಸಿದಳು. ಮುಗಿದಾಗ ಒಳಮನೆಯಲ್ಲಿ ಅಜ್ಜಿ ಪಾರ್ವತಿಬಾಯಿ ಮೂಗು ಸೀಟುವ ಸದ್ದು ಕೇಳಿತು.

ಆಮೇಲೆ ಗುರುಬಸವಪ್ಪನವರಿಗೆ ತಮ್ಮ ಕೆಂಪು ಶಾಯಿ ಕಂಡಿತು. ಮೂರು ಸಲ ಓದುವ ಮಹಾನುಭಾವರು ಇದರ ಒಂದು ಸಾಲನ್ನೂ ಓದಿರಲಿಲ್ಲ. ಲಿಪಿ ನೋಡಿಯೇ ಬದಿಗೆ ಸರಿಸಿದ್ದರು. ನಿಯಮಾವಳಿ ತೆರೆದರು, ತಾವೇ ಬರೆದದ್ದು. ‘ಕತೆ ಕನ್ನಡದಲ್ಲಿರಬೇಕು’ ಎಂದಿತ್ತು. ಲಿಪಿಯ ಸುದ್ದಿಯೇ ಇರಲಿಲ್ಲ.

ಕೊನೆಯ ಪುಟದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು. ವೇರೂಳಿನ, ಅಂದರೆ ಎಲ್ಲೋರದ, ಶಿವನ ಗುಡಿಯ ಮುಂದೆ ಬಿಲ್ವಪತ್ರೆ ಮಾರುವ ಗುಂಡವ್ವ ಆಕೆ.

"ನಿಮ್ಮ ಕತಿ ಓದದೇ ಬಿಟ್ಟಿದ್ದೆ, ತಪ್ಪಾಗ್ಯದರಿ," ಎಂದರು.

"ನಂದೇ ತಪ್ಪಿರಿ. ಕನ್ನಡ ಅಕ್ಷರ ಬರಂಗಿಲ್ಲ. ಮರಾಠಿ ಸಾಲ್ಯಾಗ ನಾಕನೇತ್ತಾ ತನಕ ಕಲ್ತೀನಿ. ಮಾತಷ್ಟೇ ನಂದು."

"ಐತವಾರ ನಾಸಿಕ್ಕಿಗಿ ಬರ್ರಿ. ಪಟ್ಟಿಗಿ ನಿಮ್ಮ ಹೆಸರು ಸೇರಸಲಿಕ್ಕಿ ಕೇಳ್ತೀನಿ."

"ಶ್ರಾವಣ ಅದರಿ. ಪತ್ರಿ ಬುಟ್ಟಿ ಬಿಟ್ಟು ಹ್ಯಾಂಗ ಬರಲಿ?"

ಪ್ರಶಸ್ತಿ ಸಮಿತಿಯ ಅಧ್ಯಕ್ಷರು ನಾಸಿಕದ ದೇವದಾಸರು, ಮೂಲತಃ ಕುಂದಾಪುರದ ಕಡೆಯವರು. ಅವರ ಹೋಟೆಲಿನ ಮೇಲಿನ ಸಭಾಂಗಣದಲ್ಲೇ ಪ್ರತಿವರ್ಷ ಸಮಾರಂಭ. ಸುದ್ದಿ ಕೇಳಿ ಅವರು ತಲೆ ಮೇಲೆ ಕೈ ಹೊತ್ತರು.

"ಪಟ್ಟಿ ಪ್ರಿಂಟ್ ಆಗಿ ಆಯ್ತಲ್ಲ ಮಾರಾಯ್ರೆ! ಈಗ ಆರನೆಯದ್ದು ಎಲ್ಲಿಂದ ಬಂತು?"

"ನನ್ನ ತಪ್ಪಿನಿಂದ ಬಂತ್ರಿ."

"ಹಾಗಾದ್ರೆ ಅದನ್ನು ಮೈಕಿನ ಎದುರು ನಿಂತು ನೀವೇ ಹೇಳ್ಬೇಕು. ಜನ ಒಪ್ಪಿದ್ರೆ ನಂದೇನಿಲ್ಲ."

ಐತವಾರ ಸಮಾರಂಭದಲ್ಲಿ ಐವರೂ ಓದಿದರು. ನಾಲ್ಕನೆಯ ಬಾರಿ ಪಟ್ಟಿಗೆ ಬಂದು ಒಮ್ಮೆಯೂ ಗೆಲ್ಲದ ಮನೋರಮಾ ಈ ಸಲ ಎಲ್ಲರಿಗಿಂತ ಚೆನ್ನಾಗಿ ಓದಿದರು. ಪ್ರಶಸ್ತಿ ಅವರದ್ದೇ ಎಂದು ಸಭೆ ಗುಸುಗುಟ್ಟಿತು. ಆಗ ಗುರುಬಸವಪ್ಪನವರು ಮೈಕಿನ ಮುಂದೆ ನಿಂತರು.

"ನಾ ಎಲ್ಲಾ ಮೂರು ಸಲ ಓದತೀನಿ ಅಂತ ಹೇಳಕೋತ ಬಂದೆ. ಒಂದು ಕತಿ ಓದಲೇ ಇಲ್ಲ. ಅದನ್ನ ಈಗ ಕೇಳ್ರಿ. ಸೇರದಿದ್ರ ನನ್ನ ಬೈರಿ, ಬರದಾಕೀನ ಬ್ಯಾಡ."

ಸಭೆ ಗೊಣಗಿತು. ಮುಂದಿನ ಸಾಲಿನಿಂದ ಮನೋರಮಾ, "ಓದಲಿ, ಕೇಳುವ," ಎಂದರು. ವೈಷ್ಣವಿ ಓದಿದಳು. ಬೀಸುಕಲ್ಲಿನ ಮಾತು ಬಂದಾಗ ಕೆಳಗಿನ ಹೋಟೆಲಿನ ತಟ್ಟೆಗಳ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮನೋರಮಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ತಮ್ಮ ಹಾಳೆಗಳನ್ನು ಮೆಲ್ಲಗೆ ಮಡಚಿ ಚೀಲದೊಳಗಿಟ್ಟರು.

ತೀರ್ಪುಗಾರರು ಒಳಗೆ ಹೋಗಿ ಐದೇ ನಿಮಿಷದಲ್ಲಿ ಹೊರಬಂದು ಒಂದು ಚೀಟಿ ಕೊಟ್ಟರು. ಬಂದಿರಲಿ, ಬರದಿರಲಿ, ಗೆದ್ದವರ ಹೆಸರನ್ನು ಕಾರ್ಯದರ್ಶಿಯೇ ಕರೆಯುವುದು ಪದ್ಧತಿ. ಗುರುಬಸವಪ್ಪನವರು ಚೀಟಿ ನೋಡಿದರು. ಉತ್ತರ ಬರುವುದಿಲ್ಲವೆಂದು ತಿಳಿದೇ ಕರೆದರು.

"ಗುಂಡವ್ವಾ!"

"ಓ!"

ಇಡೀ ಸಭೆ ಹಿಂತಿರುಗಿತು. ಕಟ್ಟಕಡೆಯ ಸಾಲಿನಲ್ಲಿ, ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಹಿಡಿದ ಹೆಂಗಸೊಬ್ಬಳು ಎದ್ದು ನಿಂತಿದ್ದಳು.